ಎರಡು ಸಲ ಮಗುಚಿದ ಮುಳ್ಳು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ದೂರು ಬಂತು. ದೂರುದಾರ ಒಬ್ಬ ಸಾಕ್ಷ್ಯಚಿತ್ರ ನಿರ್ದೇಶಕ. ಲಾಂಡ್ರಿ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದ ಬಗ್ಗೆ ಅವನು ಮಾಡಿದ ಚಿತ್ರವನ್ನು ಅಂದೇ ಸಂಜೆ ನಾಲ್ಕಕ್ಕೆ ವಿಚಾರಣಾ ಸಮಿತಿ ನೋಡಲಿತ್ತು. ಸಿಡಿಯುವ ಮುನ್ನ ಆಪರೇಟರ್ ಕದ್ದು ಮೊಬೈಲಿನಲ್ಲಿ ತೆಗೆದ ಏಳು ತುಣುಕುಗಳಲ್ಲಿ ಒತ್ತಡಮಾಪಕದ ಮುಳ್ಳು ಕೆಂಪು ಪಟ್ಟಿಯಲ್ಲಿತ್ತು. ಈಗ ಏಳರಲ್ಲೂ ಹಸಿರಿನಲ್ಲಿದೆ. ಮೊಬೈಲು ಸ್ಫೋಟದಲ್ಲಿ ಸುಟ್ಟಿದೆ. ಮೂಲ ಕಡತಗಳು ಡಿಸ್ಕಿನಿಂದ ಮಾಯವಾಗಿವೆ. ದೂರುದಾರನ ಸಂಶಯ ಸಂಕಲನಗಾರ್ತಿಯ ಮೇಲೆ.

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ದಫೇದಾರರೊಂದಿಗೆ 11.15ಕ್ಕೆ ಸ್ಟುಡಿಯೋ ತಲುಪಿದಳು. ಕಪ್ಪು ಪರದೆಯ ಕಿರುಕೋಣೆ, ಎರಡು ಮಾನಿಟರ್, ಅಕ್ಷರ ಸವೆದ ಕೀಬೋರ್ಡು. ಸಂಕಲನಗಾರ್ತಿಯ ಕಣ್ಣು ಕೆಂಪಗಾಗಿತ್ತು.

"ನಿನ್ನೆ ಮಧ್ಯಾಹ್ನ ಒಂದು ನಲವತ್ತಕ್ಕೆ ಎಲ್ಲಿದ್ರಿ?"

"ಊಟಕ್ಕೆ ಹೋಗಿದ್ದೆ ಮೇಡಂ. ಒಬ್ಬಳೇ."

"ಕಂಪ್ಯೂಟರಿನ ದಾಖಲೆ ಪ್ರಕಾರ ಆಗಲೇ ಏಳೂ ತುಣುಕು ಒಂದೇ ಏಟಿಗೆ ಬದಲಾಗಿವೆ. ಅದು ಹೇಗೆ?"

"ಟೈಮ್‌ಲೈನ್‌ನಲ್ಲಿ, ಅಂದ್ರೆ ತುಣುಕುಗಳನ್ನ ಸಾಲಾಗಿ ಜೋಡಿಸೋ ಪಟ್ಟಿಯಲ್ಲಿ, ಹಳೇ ಕ್ಲಿಪ್‌ಗಳನ್ನ ತೆಗೆದು, ಅದೇ ಜಾಗಕ್ಕೆ ತಿದ್ದಿದ ಪ್ರತಿಗಳನ್ನ ಒಟ್ಟಿಗೆ ಕೂರಿಸಬಹುದು. ಮೂಲ ಕಡತ ಮುಟ್ಟದೆ ನಾವು ಅಲ್ಲಿ ಹಚ್ಚಿದ ಬಣ್ಣ, ಅಳತೆ ಎಲ್ಲ ಹೊಸದಕ್ಕೂ ಅಂಟಿಕೊಳ್ಳುತ್ತೆ."

"ಆಸಾಮಿ ಬದಲಾದ್ರೂ ಅಂಗಿ ಅದೇ ಅನ್ನಿ," ಎಂದರು ದಫೇದಾರರು.

ಪಾಸ್‌ವರ್ಡ್ ಗೊತ್ತಿದ್ದವರು ಮೂವರು: ಅವಳು, ನಿರ್ದೇಶಕ ಮತ್ತು ಅವಳಿಗೆ ಕೆಲಸ ಕಲಿಸಿದ ಹಿರಿಯ ಸಂಕಲನಕಾರ. ಈ ಹಿರಿಯರನ್ನು ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದು ಮೇಷ್ಟ್ರು ಎಂದೇ. ನಿರ್ದೇಶಕನಿಗೆ ಮೌಸ್ ಹಿಡಿಯಲೂ ಬಾರದು.

ಇನ್‌ಸ್ಪೆಕ್ಟರ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಮಾಪಕ ಕಂಡರೆ ಮೊದಲು ಅಂಕಿ ಓದುವ ಚಾಳಿ. ಐದನೆಯ ತುಣುಕಿನಲ್ಲಿ ಅವಳ ಬೆರಳು ನಿಂತಿತು.

"ಇಲ್ಲಿ ಅಂಕಿಗಳು ಯಾಕೆ ಉಲ್ಟಾ?"

ಸಂಕಲನಗಾರ್ತಿ ಕುರ್ಚಿಯಿಂದ ಎದ್ದೇಬಿಟ್ಟಳು. "ಇದೊಂದನ್ನ ಆಪರೇಟರ್ ಅಣ್ಣ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ರು, ಮಾಪಕಕ್ಕೆ ಬೆನ್ನು ಹಾಕಿ. ಕನ್ನಡಿ ತರ ತಿರುಗುಮುರುಗಾಗಿತ್ತು. ನಾನು ಟೈಮ್‌ಲೈನ್‌ನಲ್ಲೇ ಮಗುಚಿ ಸರಿ ಮಾಡಿದ್ದೆ!"

ಇನ್‌ಸ್ಪೆಕ್ಟರ್ ನಕ್ಕಳು. "ಮುಳ್ಳು ತಿದ್ದಿದವರು ಕಡತದಲ್ಲೂ ಒಮ್ಮೆ ಮಗುಚಿದ್ದಾರೆ. ಅದರ ಮೇಲೆ ನಿಮ್ಮ ಮಗುಚು ಕೂತಿತು. ಎರಡು ಸಲ ಮಗುಚಿದರೆ ಮತ್ತೆ ಉಲ್ಟಾ. ನೀವು ಮಗುಚಿದ್ದು ನಿಮಗೆ ಗೊತ್ತಿತ್ತು. ಕಳ್ಳರಿಗೆ ಗೊತ್ತಿರಲಿಲ್ಲ."

2.05ಕ್ಕೆ ಮೇಷ್ಟ್ರು ಬಂದರು. ಇಸ್ತ್ರಿ ಅಂಗಿ, ಹೆಗಲಿಗೆ ಚೀಲ.

"ನಿಮ್ಮ ಅಭಿಪ್ರಾಯ ಬೇಕಿತ್ತು," ಎಂದಳು ಇನ್‌ಸ್ಪೆಕ್ಟರ್. "ಯಾರೋ ಅರೆಬರೆ ಕಲಿತವರ ಕೆಲಸ ಅನ್ಸುತ್ತೆ. ಐದನೇದರಲ್ಲಿ ಅಂಕಿಗಳೇ ಉಲ್ಟಾ."

"ಸಾಧ್ಯವೇ ಇಲ್ಲ. ಅದನ್ನ ನೇರ ಮಾಡಿಯೇ ಕೂರಿಸಿ..."

ಮಾತು ಅರ್ಧಕ್ಕೆ ನಿಂತಿತು. ದಫೇದಾರರ ಪೆನ್ನೂ ನಿಂತಿತು.

"ಮುಂದೆ ಹೇಳಿ ಮೇಷ್ಟ್ರೇ."

ಅವರು ಚೀಲವನ್ನು ಮೇಜಿನ ಮೇಲಿಟ್ಟರು. ಪಂಚರ ಸಮಕ್ಷಮ ತೆರೆದಾಗ ಕನ್ನಡಕದ ಡಬ್ಬಿಯಲ್ಲಿ ಒಂದು ಪೆನ್‌ಡ್ರೈವ್, ಅದರೊಳಗೆ ಏಳೂ ಮೂಲ ತುಣುಕುಗಳು.

"ಇದನ್ನ ಯಾಕೆ ಉಳಿಸಿದ್ರಿ?"

"ಮೂಲ ಅಳಿಸೋಕೆ ಕೈ ಬರಲಿಲ್ಲ."

2.50ಕ್ಕೆ ಬಂಧನ. ಪಂಚನಾಮೆ ಬರೆದು, ಪಂಚರೆದುರೇ ನಕಲು ತೆಗೆದು ಸಂಕಲನಗಾರ್ತಿಗೆ ಕೊಟ್ಟರು. ಅವಳು ಏಳೂ ತುಣುಕುಗಳನ್ನು ಆರಿಸಿ ಒಂದೇ ಕೀಲಿ ಒತ್ತಿದಳು. ಏಳೂ ಮುಳ್ಳುಗಳು ಒಟ್ಟಿಗೆ ಕೆಂಪಿಗೆ ಜಿಗಿದವು. ಐದನೆಯದರ ಅಂಕಿಗಳು ನೆಟ್ಟಗೆ ನಿಂತವು. ಅವಳ "ಹೋ!" ಎಂಬ ಕೂಗಿಗೆ ಪಕ್ಕದ ಕೋಣೆಯವರು ಓಡಿ ಬಂದರು. ನಿರ್ದೇಶಕ ಕೈಮುಗಿದ. "ತಪ್ಪಾಯ್ತು ತಾಯಿ."

"ಕ್ಷಮೆ ಆಮೇಲೆ ಕೇಳಿ, ಈಗ ಜೀಪು ಹತ್ತಿ," ಎಂದಳು ಅವಳು.

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಚಿತ್ರ ಸಮಿತಿಯ ಮೇಜಿಗೆ ತಲುಪಿತು. ತೆರೆಯ ಮೇಲೆ ಕೆಂಪು ಪಟ್ಟಿ ಕಂಡಾಗ, ಎರಡೂ ಕೈಗೆ ಬ್ಯಾಂಡೇಜು ಸುತ್ತಿದ್ದ ಆಪರೇಟರ್ ಚಪ್ಪಾಳೆ ತಟ್ಟಲಾಗದೆ ಕಾಲಿನಿಂದ ನೆಲ ತಟ್ಟಿದ. ಹಿಂದೆಯೇ ಸಭಾಂಗಣವೆಲ್ಲ ತಟ್ಟಿತು.

ಆರೋಪಿಯ ಹೇಳಿಕೆ ಅರ್ಧ ಪುಟವೂ ಇಲ್ಲ. ಕಾರ್ಖಾನೆಯ ಸುರಕ್ಷತಾಧಿಕಾರಿ ಅವರ ತಂಗಿಯ ಗಂಡ. ತಂಗಿ ಬಂದು ಅತ್ತಿದ್ದಳು, ಅಣ್ಣ ಇಲ್ಲವೆನ್ನಲಿಲ್ಲ. ಸಹಿ ಹಾಕುವ ಮುನ್ನ ಅವರು ತಲೆಯೆತ್ತಿದರು.

"ಹುಡುಗಿ ಅದನ್ನ ಟೈಮ್‌ಲೈನ್‌ನಲ್ಲೇ ಮಗುಚಿದ್ದಳಾ?"

"ಹೌದು."

"ಮೂಲ ಮುಟ್ಟಬೇಡ, ಏನೇ ತಿದ್ದೋದಿದ್ರೂ ಟೈಮ್‌ಲೈನ್‌ನಲ್ಲಿ ತಿದ್ದು ಅಂತ ಅವಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದೆ," ಎಂದು ಅವರು ಸಹಿ ಹಾಕಿದರು.