ಒಂಬತ್ತು ದಿನ ದಾಟಿದ ಸ್ಟಿಕ್ಕರ್

ಅವಳು ಅಂಗೈಯಿಂದ ಒತ್ತಡ ಅಳೆಯುವ ಗೇಜನ್ನು ಮುಚ್ಚಿಕೊಂಡಳು. ಅಷ್ಟರಲ್ಲಿ ಕಾರ್ಖಾನೆಯ ತಪಾಸಣೆಗೆ ಬಂದಿದ್ದ ಆಡಿಟರ್ ಟೆಸ್ಟ್ ಬೆಂಚಿನ ಮುಂದೆ ಬಂದು ನಿಂತಾಗಿತ್ತು.

"ಕೈ ತೆಗೀರಿ ಮೇಡಂ."

"ಬಿಸಿಯಿದೆ, ಮುಟ್ಬೇಡಿ."

"ನೀವು ಮುಟ್ಟಿದ್ದೀರಲ್ಲ?" ಅವನ ತುಟಿಯಂಚಿನಲ್ಲಿ ಸಣ್ಣ ನಗು.

ಅವಳು ಕೈ ತೆಗೆದಳು. ಗೇಜಿನ ಸ್ಟಿಕ್ಕರಿನ ಮೇಲಿದ್ದ ಮರುಪರೀಕ್ಷೆಯ ತಾರೀಖು ಮುಗಿದು ಒಂಬತ್ತು ದಿನವಾಗಿತ್ತು. ಉಳಿದ ಗೇಜುಗಳೆಲ್ಲ ಲ್ಯಾಬಿಗೆ ಹೋಗಿ ಪರೀಕ್ಷೆ ಮುಗಿಸಿ ಬಂದಿದ್ದವು. ಅವಸರದ ಆರ್ಡರ್ ಇದೆಯೆಂದು ಇದೊಂದನ್ನು ಅವಳೇ ಉಳಿಸಿಕೊಂಡಿದ್ದಳು, ಆಮೇಲೆ ಮರೆತೇಬಿಟ್ಟಿದ್ದಳು.

ನಗು ಅವನ ಮುಖದಿಂದ ಇಳಿಯಿತು.

ಹೊರದೇಶದ ದೊಡ್ಡ ಕಂಪನಿಗಳು ವಾಲ್ವ್ ಕೊಳ್ಳುವುದು ತಮ್ಮ ಪಟ್ಟಿಯಲ್ಲಿರುವವರ ಹತ್ತಿರ ಮಾತ್ರ. ಅಣ್ಣನ ಈ ಸಣ್ಣ ಕಾರ್ಖಾನೆಯ ಹೆಸರೆತ್ತಿದರೆ ಅಲ್ಲಿ 'ಯಾರವರು?' ಅನ್ನುತ್ತಿದ್ದರು. ಈತ ಸಹಿ ಹಾಕಿದರೆ ಹೆಸರು ಪಟ್ಟಿಗೆ ಸೇರಿ ಆ ಪ್ರಶ್ನೆ ನಿಲ್ಲುತ್ತದೆ. ಎರಡು ಸಲ ಹಾಕಿರಲಿಲ್ಲ. ಮೂರನೆಯ ಸಲವೂ ತಪ್ಪಿದರೆ ಆ ಬಾಗಿಲು ಮುಚ್ಚಿದ ಹಾಗೇ.

ಮೊದಲ ಸಲ ಬಂದಾಗ ಅವನು ನಲವತ್ತೊಂದು ತಪ್ಪು ಬರೆದಿಟ್ಟು ಹೋಗಿದ್ದ. ಅವಳು ವಾರವಿಡೀ ಹಿಡಿಶಾಪ ಹಾಕಿದ್ದಳು. ಒಂದೊಂದನ್ನೇ ತಿದ್ದುತ್ತ ಹೋದಾಗ ಗೊತ್ತಾಯಿತು, ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಲ್ಲಿಂದಾಚೆಗೆ ಅವನು ಬರುವ ದಿನ ಅವಳು ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. "ಆಡಿಟ್‌ಗೆ ಕಾಡಿಗೆ ಬೇರೆ ಕೇಳ್ತಾರೇನೇ?" ಎಂದು ಅತ್ತಿಗೆ ಚುಡಾಯಿಸಿದ್ದು ಇವತ್ತು ಬೆಳಿಗ್ಗೆಯೇ.

ಅವನು ಪೆನ್ನು ಜೇಬಿಗಿಟ್ಟ. ದನಿ ತಗ್ಗಿತು. "ನಾನು ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ಈ ಗೇಜು ಇಲ್ಲಿರಬಾರದು. ನಾನು ನೋಡೇ ಇಲ್ಲ."

"ಬೇರೆ ಯಾರಿಗಾದ್ರೂ ಹೀಗೆ ಮಾಡಿದ್ದೀರಾ?"

"ಯಾವತ್ತೂ ಇಲ್ಲ." ಅವನ ಕಿವಿ ಕೆಂಪೇರಿತು. "ಯಾಕೆ ಮಾಡ್ತಿದ್ದೀನಿ ಅಂತ ನಿಮಗೆ ಗೊತ್ತಲ್ವಾ?"

ಗೊತ್ತಿತ್ತು. ಎರಡು ವರ್ಷ ಕಾದ ಮಾತು, ಬರಬಾರದ ಹೊತ್ತಿನಲ್ಲಿ ಬಂದಿತ್ತು. ಆಫೀಸಿನ ಗಾಜಿನಾಚೆ ಅಣ್ಣ ಅಂಡು ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ಓಡಾಡುತ್ತಿದ್ದ.

"ನಿಮ್ಮ ಸಹಿ ನಂಬಿ ತಾನೇ ಅವರು ನಮ್ಮ ವಾಲ್ವ್ ತಗೊಳ್ಳೋದು?" ಎಂದಳು. "ನಾನೂ ನಿಮ್ಮನ್ನ ಮೆಚ್ಚಿದ್ದು ಆ ನಂಬಿಕೆಯಿಂದ್ಲೇ..."

"ಇದನ್ನ ತಪ್ಪು ಅಂತ ಬರೆದ್ರೆ ಸಹಿ ಹಾಕೋ ಹಾಗಿಲ್ಲ, ಎಲ್ಲಾ ಮುಗೀತು. ನಿಮ್ಮಣ್ಣ ಜನ್ಮದಲ್ಲಿ ನನ್ನ ಮುಖ ನೋಡಲ್ಲ. ನಾನು ಯಾವ ಮುಖ ಇಟ್ಕೊಂಡು ನಿಮ್ಮನೇಗೆ ಬರ್ಲಿ, ಹೇಳಿ. ಒಂದೇ ಸಲ. ಹತ್ತು ನಿಮಿಷ."

"ಬೇಡ," ಎಂದಳು. "ಬರೀರಿ."