ಆರು ಗಂಟೆಯ ನೀರು

ನೀರು ಬಿಡುವವನ ಹೆಣ ಟ್ಯಾಂಕಿನ ಬುಡದಲ್ಲಿ ಅಂಗಾತ ಬಿದ್ದಿತ್ತು. ಬೆಳಗಿನ ಪಾಳಿಗೆ ಹೊರಟವರು ಬೇಲಿಯಾಚೆ ನೆರೆದಿದ್ದರು. ಕಾರ್ಖಾನೆಯ ಸೈರನ್ ಕೂಗಿದರೂ ಯಾರೂ ಕದಲಲಿಲ್ಲ.

“ಮೇಲಿಂದ ಕಾಲು ಜಾರಿದೆ ಮೇಡಂ,” ಎಂದ ಪೇದೆ.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ಅಂಗಿಯ ಬಲತೋಳು ಭುಜದ ಹೊಲಿಗೆಯಲ್ಲೇ ಕಿತ್ತು ಬಂದಿತ್ತು. ಯಾರೋ ಹಿಡಿದೆಳೆದಿದ್ದರು. ಜೇಬಿನಲ್ಲಿ ಮಡಚಿಟ್ಟ ಕಾಗದ. ನೀರಿನ ಪರೀಕ್ಷೆಯ ವರದಿ. ವಿಷದ ಅಂಶ ಮಿತಿಗಿಂತ ಇಪ್ಪತ್ತು ಪಟ್ಟು, ಕುದಿಸಿದರೂ ಹೋಗದು.

ಆಕೆ ಗುಂಪಿನತ್ತ ತಿರುಗಿದಳು. “ಇವತ್ತು ನೀರು ಬಂತಾ?”

“ಆರಕ್ಕೇ ಬಂತಲ್ಲ,” ಎಂದಿತು ಗುಂಪು.

ಹೆಣ ಪರೀಕ್ಷಿಸುತ್ತಿದ್ದ ಡಾಕ್ಟರ್ ತಲೆಯೆತ್ತಿದರು. “ಇವನ ಜೀವ ಹೋಗಿದ್ದು ಐದರೊಳಗೇ.”

ಹಾಗಾದರೆ ಬಿಟ್ಟವರು ಯಾರು?

ನಲವತ್ತು ಮನೆಗಳಿಗೆಂದು ಕಟ್ಟಿದ ಟ್ಯಾಂಕು ಅದು. ಈಗ ಅದರ ಸುತ್ತ ಏಳು ಚಿಮಣಿ, ಸಾವಿರಾರು ಬಾಡಿಗೆ ಕೋಣೆ. ಅಷ್ಟೂ ಮನೆಗಳ ಬಿಂದಿಗೆಗಳು ಆಗಲೇ ತುಂಬಿದ್ದವು.

ಪೇದೆ ವಾಲ್ವ್ ಮುಚ್ಚಲು ಹೋದ. ಬಲಕ್ಕೆ ತಿರುಗಿಸಿದಷ್ಟೂ ನೀರಿನ ಸದ್ದು ಜೋರಾಯಿತು.

“ಎಡಕ್ಕೆ ತಿರುಗ್ಸಿ,” ಅಳುತ್ತಲೇ ಹೇಳಿದಳು ಸತ್ತವನ ಹೆಂಡತಿ. “ಅದು ಉಲ್ಟಾ. ಹಳೇ ಮನೆಯವರಿಗೆ ಮಾತ್ರ ಗೊತ್ತು.”

“ನಿನ್ನೆ ನಿಮ್ಮವರು ಏನಾದ್ರೂ ಹೇಳಿದ್ರಾ?” ಇನ್‌ಸ್ಪೆಕ್ಟರ್ ಕೇಳಿದಳು.

“ನಾಳೆ ನೀರು ಬಿಡಲ್ಲ ಅಂದ್ರು. ಯಾಕೇಂತ ಹೇಳ್ಲಿಲ್ಲ. ಬೆಳಿಗ್ಗೆ ನೀರು ಬಂದಾಗ ಮನಸ್ಸು ಬದಲಾಯ್ಸಿದ್ರೇನೋ ಅಂದ್ಕೊಂಡೆ.”

ಎಂಟಕ್ಕೆ ಜೀಪಿನ ಮೈಕು ಓಣಿ ಓಣಿಯಲ್ಲಿ ಕೂಗತೊಡಗಿತು: “ನಲ್ಲಿ ನೀರು ಕುಡೀಬೇಡಿ. ಚೆಲ್ಲಿಬಿಡಿ.”

*

ಎಲ್ಲರೂ ಬೆರಳು ತೋರಿದ್ದು ಬಣ್ಣದ ಕಾರ್ಖಾನೆಯ ಮ್ಯಾನೇಜರನತ್ತ.

“ಕಾರ್ಖಾನೆ ಕೊಳಚೆ ವಿಷ್ಯಕ್ಕೆ ಅವನ ಜೊತೆ ಜಗಳ ಆಡಿದ್ದು ನಿಜ,” ಎಂದ ಅವನು ಬೆವರೊರೆಸುತ್ತ. “ಕೈಕಾಲು ಮುರೀತೀನಿ ಅಂದಿದ್ದೂ ನಿಜ. ಆದ್ರೆ ನಾಲ್ಕರಿಂದ ಆರೂವರೆವರೆಗೂ ಕೆಟ್ಟ ಬಾಯ್ಲರ್ ಮುಂದೇನೇ ಇದ್ದೆ. ಮೂವತ್ತು ಜನ ನೋಡಿದ್ದಾರೆ.”

ಮೂವತ್ತು ಜನರೂ ಹೌದೆಂದರು. ಅವನು ಹೊರಗಿನಿಂದ ಬಂದು ಇನ್ನೂ ಎರಡು ವರ್ಷ. ಉಲ್ಟಾ ವಾಲ್ವಿನ ಗುಟ್ಟು ಅವನಿಗೆಲ್ಲಿ ಗೊತ್ತಿರಬೇಕು?

*

ಸತ್ತವನ ಅಣ್ಣನ ಹೊಲದಲ್ಲಿ ಈಗ ಅರವತ್ತು ಶೀಟಿನ ಕೋಣೆಗಳು ಎದ್ದಿದ್ದವು. ಎಲ್ಲದರಲ್ಲೂ ಬಾಡಿಗೆಯವರು. ನಡುಮನೆಯಲ್ಲಿ ಅವನು ತಲೆ ಚಚ್ಚಿಕೊಂಡು ಅಳುತ್ತಿದ್ದ. ಮೂಲೆಯಲ್ಲಿ ತಮ್ಮನ ಹೆಂಡತಿ, ಮಡಿಲಲ್ಲಿ ನಾಲ್ಕು ವರ್ಷದ ಮಗಳು.

“ಸ್ವಲ್ಪ ನೀರು ಕೊಡ್ತೀರಾ?” ಇನ್‌ಸ್ಪೆಕ್ಟರ್ ಕೇಳಿದಳು.

ಅಣ್ಣನ ಹೆಂಡತಿ ಲೋಟ ತಂದಳು. “ಹೆದರ್ಬೇಡಿ, ಕ್ಯಾನ್ ನೀರು.”

“ಮೈಕಿನಲ್ಲಿ ಕೇಳಿ ತರಿಸಿದ್ರಾ?”

“ಇಲ್ಲ ಮೇಡಂ. ಐದೂವರೆಗೆ ಇವ್ರೇ ಹೊತ್ಕೊಂಡು ಬಂದ್ರು. ಇವತ್ತು ನಲ್ಲಿ ನೀರು ಮುಟ್ಟಬೇಡ ಅಂದ್ರು.”

ಗಂಡನ ಅಳು ಗಕ್ಕನೆ ನಿಂತಿತು.

“ವರದಿ ಸತ್ತವರ ಜೇಬಲ್ಲಿತ್ತು,” ಇನ್‌ಸ್ಪೆಕ್ಟರ್ ಲೋಟ ಕೆಳಗಿಟ್ಟಳು. “ಹೆಂಡತಿಗೂ ಹೇಳಿರಲಿಲ್ಲ. ನೀರು ಕೆಟ್ಟಿದೆ ಅಂತ ನಿಮಗೆ ಐದೂವರೆಗೇ ಹೇಗೆ ಗೊತ್ತಾಯ್ತು? ಟ್ಯಾಂಕಿನ ಮೇಲೆ ಅವರೇ ಹೇಳಿದ್ರು. ನೀರು ನಿಂತರೆ ಅರವತ್ತು ಕೋಣೆ ಖಾಲಿ ಅಂತ ನೀವು ತೋಳು ಹಿಡಿದ್ರಿ. ಆಮೇಲೆ ಮನೆಗೆ ಕ್ಯಾನ್ ತಂದಿಟ್ಟು, ಹೋಗಿ ಊರಿಗೆ ನೀರು ಬಿಟ್ರಿ. ಉಲ್ಟಾ ವಾಲ್ವ್ ಹೊಸಬರಿಗೆ ಬಗ್ಗೋದಿಲ್ಲ.”

“ನಾನು ತಳ್ಳಲಿಲ್ಲ,” ಅವನ ದನಿ ಒಡೆಯಿತು. “ಕೊಸರಿಕೊಂಡ... ತೋಳು ಹರೀತು. ಒಂದು ವಾರ ತಡಕೋ ಅಂದೆ ಅಷ್ಟೇ. ನೀರಿಲ್ಲ ಅಂದ್ರೆ ಒಬ್ಬನೂ ನಿಲ್ತಿರಲಿಲ್ಲ.”

ತಮ್ಮನ ಹೆಂಡತಿ ನಿಧಾನವಾಗಿ ಎದ್ದಳು. ಗಂಡನ ಮಾತೆತ್ತಲಿಲ್ಲ.

“ಭಾವ, ನಮ್ಮನೆಗೂ ಬಂತಲ್ಲ ಆ ನೀರು. ಮಗು ಎರಡು ಲೋಟ ಕುಡೀತು. ನಿಮ್ಮನೆಗೊಂದು ಕ್ಯಾನ್ ತಂದವರು, ಪಕ್ಕದ ಬಾಗಿಲು ತಟ್ಟೋಕಾಗ್ಲಿಲ್ವಾ?”

ಅವನು ಮಗುವಿನತ್ತ ಕೈ ಚಾಚಿದ. ಅವಳು ಸೆರಗಿನಿಂದ ಮಗುವನ್ನು ಮುಚ್ಚಿ ಹಿಂದೆ ಸರಿದಳು.

ಇನ್‌ಸ್ಪೆಕ್ಟರ್ ಮಗುವನ್ನು ಎತ್ತಿಕೊಂಡಳು. “ಇವರನ್ನ ಠಾಣೆಗೆ ನಡೆಸ್ಕೊಂಡು ಹೋಗು,” ಎಂದಳು ಪೇದೆಗೆ. “ಜೀಪು ಆಸ್ಪತ್ರೆಗೆ ಬೇಕು.”