ಗೆರೆಯಿಲ್ಲದ ಹೆಬ್ಬೆರಳು

ಯಾರನ್ನೂ ಹೆದರಿಸುವಷ್ಟು ತ್ರಾಣ ನನಗಿಲ್ಲ, ಆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮನೆಯವರು ಗಾರೆ ಕೆಲಸದವರು. ಸಿಮೆಂಟಿನಲ್ಲಿ ಅವರ ಬೆರಳಿನ ಗೆರೆಗಳೆಲ್ಲ ಸವೆದು, ಅವರ ಫೋನೇ ಅವರನ್ನು ಗುರುತಿಸುತ್ತಿರಲಿಲ್ಲ. ಹಾಗಾಗಿ ಲಾಕಿಗೆ ನನ್ನ ಹೆಬ್ಬೆರಳನ್ನೇ ಇಟ್ಟಿದ್ದೆವು. ದಿನಾ ಬೆಳಿಗ್ಗೆ ಏಳಕ್ಕೆ, "ಬೆರಳು ಕೊಡೇ" ಎಂದು ಫೋನು ಚಾಚುತ್ತಿದ್ದರು.

ಅವರು ತೀರಿಹೋದ ಮೇಲೆ ಅವರ ಹೆಸರಲ್ಲಿದ್ದ ಗ್ಯಾಸು, ಕರೆಂಟು, ಇಮೇಲ್ ಎಲ್ಲವನ್ನೂ ಬದಲಿಸಲು, ನಿಲ್ಲಿಸಲು ಓಡಾಡಿ ಸಾಕುಸಾಕಾಯಿತು. ಪ್ರತಿಯೊಂದಕ್ಕೂ ಓಟಿಪಿ, ಪ್ರತಿ ಓಟಿಪಿಗೂ ನನ್ನ ಹೆಬ್ಬೆರಳು. ಒಂದೊಂದು ಕೆಲಸ ಮುಗಿದಾಗಲೂ ಆ ಬೆರಳು ತಣ್ಣಗಾಗುತ್ತಿತ್ತು. ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು. ಸೋಪು ಹಚ್ಚಿ ತೊಳೆದು ಸುಮ್ಮನಾಗುತ್ತಿದ್ದೆ.

ಕೊನೆಗೆ ಉಳಿದದ್ದು ಫೋನ್ ನಂಬರು. ಅದನ್ನು ನಿಲ್ಲಿಸಲು ಫೋನ್ ಕಂಪನಿಯ ಅಂಗಡಿಗೆ ಹೋದ ಮಧ್ಯಾಹ್ನ ಫೋನು ನನ್ನ ಬೆರಳಿಗೆ ತೆರೆಯಲಿಲ್ಲ. ಕೌಂಟರಿನಾಕೆಯ ಬೆರಳಚ್ಚಿನ ಯಂತ್ರವೂ ನಾಲ್ಕು ಸಲ ಒತ್ತಿದರೂ ಒಪ್ಪಲಿಲ್ಲ. ಆಕೆ ನನ್ನ ಕೈ ತಿರುಗಿಸಿ ನೋಡಿದಳು.

"ಗಾರೆ ಕೆಲಸಕ್ಕೆ ಹೋಗ್ತೀರಾ ಅಮ್ಮ? ಗೆರೆನೇ ಇಲ್ವಲ್ಲ."

"ಇಲ್ಲಮ್ಮ, ನಾನು ಲೈಬ್ರರಿಯಲ್ಲಿರೋದು."

ಫೋನು ಈಗ ಮೇಜಿನ ಮೇಲಿದೆ. ನನ್ನ ಹೆಬ್ಬೆರಳಿಗೆ ಮಾತ್ರ ತೆರೆಯಬೇಕಾದ ಅದು, ದಿನಾ ಬೆಳಿಗ್ಗೆ ಏಳಕ್ಕೆ, ನಾನು ಮುಟ್ಟದೆಯೇ ತೆರೆದುಕೊಳ್ಳುತ್ತದೆ.